ಒಂದೇ ಬೋರ್ಡಿನಡಿ ಹಲವು ವೈದ್ಯರು: ಪಾಲುದಾರಿಕೆಯ ಅಧ್ಯಯನ ಕುರಿತು ಓದುಗರ ಪ್ರಶ್ನೆ, ತಜ್ಞರ ಉತ್ತರ

ಇಬ್ಬರು, ಮೂವರು, ಕೆಲವೆಡೆ ಎಂಟು ಹತ್ತು ಮಂದಿ ಕುಟುಂಬ ವೈದ್ಯರು ಸೇರಿ ಒಂದೇ ಕ್ಲಿನಿಕ್ ನಡೆಸುತ್ತಾರೆ. ಆದಾಯ, ಖರ್ಚು, ರಜೆ, ರೋಗಿಗಳು, ರಾತ್ರಿಯ ಕರೆಗಳು ಎಲ್ಲದರಲ್ಲೂ ಪಾಲು. ಈ ಜೊತೆಗಾರಿಕೆ ಹೇಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಅಧ್ಯಯನ ಮಾಡಲು ಹೊರಟವರಿಂದಲೂ, ಅಧ್ಯಯನಕ್ಕೆ ಒಳಗಾಗಲಿರುವ ವೈದ್ಯರಿಂದಲೂ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಜನರಲ್ ಪ್ರಾಕ್ಟೀಸ್‌ನಲ್ಲಿ ಪಾಲುದಾರರಾಗಿರುವ 30 ವೈದ್ಯರನ್ನು, ಒಂದೊಂದು ಕ್ಲಿನಿಕ್‌ನಿಂದ ಒಬ್ಬೊಬ್ಬರಂತೆ, ಸಂದರ್ಶಿಸಬೇಕೆಂದಿದ್ದೇನೆ. ಈ ಯೋಜನೆ ಸರಿಯೇ? — ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಹಾಗೆ ಮಾಡಿದರೆ 30 ವೈದ್ಯರ ಅಭಿಪ್ರಾಯ ಕೈಗೆ ಬರುತ್ತದೆ, ಪಾಲುದಾರಿಕೆ ಮಾತ್ರ ಒಂದೂ ಸಿಗುವುದಿಲ್ಲ. ಪಾಲುದಾರಿಕೆ ಎಂಬುದು ಇಬ್ಬರ ನಡುವಿನ ಸಂಗತಿ. ಒಂದು ತುದಿಯಲ್ಲಿ ನಿಂತು ನೋಡಿದರೆ ಅರ್ಧವಷ್ಟೇ ಕಾಣುತ್ತದೆ. ಅದೇ 30 ಸಂದರ್ಶನಗಳನ್ನು ಐದಾರು ಕ್ಲಿನಿಕ್‌ಗಳಿಗೆ ಹಂಚಿ. ಪ್ರತಿ ಕ್ಲಿನಿಕ್‌ನಲ್ಲೂ ಎಲ್ಲ ಪಾಲುದಾರರನ್ನು ಬೇರೆ ಬೇರೆಯಾಗಿ ಮಾತನಾಡಿಸಿ. ಜೊತೆಗೆ ಸಂಬಳದ ಮೇಲಿರುವ ವೈದ್ಯರೊಬ್ಬರು, ನರ್ಸ್, ಮ್ಯಾನೇಜರ್, ರಿಸೆಪ್ಷನಿಸ್ಟ್ ಇರಲಿ.

ಕ್ಲಿನಿಕ್‌ಗಳನ್ನು ಆಯುವಾಗ ಗಾತ್ರಕ್ಕೆ ಗಮನ ಕೊಡಿ. ಇಬ್ಬರು ಪಾಲುದಾರರಿದ್ದಲ್ಲಿ ಒಂದೇ ಜೋಡಿ, ಮೂವರಿದ್ದಲ್ಲಿ 3, ನಾಲ್ವರಿದ್ದಲ್ಲಿ 6, ಆರು ಮಂದಿಯಿದ್ದಲ್ಲಿ 15, ಎಂಟು ಮಂದಿಯಿದ್ದಲ್ಲಿ 28 ಜೋಡಿಗಳು. ತಲೆ ಎಣಿಕೆ ದುಪ್ಪಟ್ಟಾದಾಗ ಸಂಬಂಧಗಳು ನಾಲ್ಕರಿಂದ ಆರು ಪಟ್ಟು ಆಗಿಬಿಡುತ್ತವೆ. ಇಬ್ಬರಿದ್ದಾಗ ಕಾರಿಡಾರಿನಲ್ಲಿ ಮುಗಿಯುತ್ತಿದ್ದ ಮಾತಿಗೆ ಆರು ಮಂದಿಯಾದಾಗ ಸಭೆ, ನಡಾವಳಿ, ಮ್ಯಾನೇಜರ್ ಎಲ್ಲ ಬೇಕಾಗುವುದು ಇದರಿಂದಲೇ. ಆದ್ದರಿಂದ ಇಬ್ಬರದ್ದೆರಡು, ಮೂರು ನಾಲ್ಕು ಮಂದಿಯದ್ದೆರಡು, ಆರಕ್ಕಿಂತ ಹೆಚ್ಚಿನವರದ್ದೊಂದು ಹೀಗೆ ಬೆರೆಸಿಕೊಳ್ಳಿ.

ಒಪ್ಪಿಗೆಯನ್ನು ಎಲ್ಲರೂ ಸೇರಿದ ಸಭೆಯಲ್ಲಿ ಕೇಳಬೇಡಿ. ಹಿರಿಯ ಪಾಲುದಾರರು ತಲೆಯಾಡಿಸಿದರೆ ಕಿರಿಯರು ಬೇಡವೆನ್ನಲಾರರು. ಮಾಹಿತಿ ಪತ್ರವನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ಉತ್ತರ ನೇರವಾಗಿ ನಿಮಗೇ ಬರುವಂತೆ ನೋಡಿಕೊಳ್ಳಿ. ಇಬ್ಬರು ಮೂವರಿರುವ ಕ್ಲಿನಿಕ್‌ನಲ್ಲಿ ಒಬ್ಬರು ಒಲ್ಲೆನೆಂದರೆ ಆ ಕ್ಲಿನಿಕ್ಕನ್ನೇ ಬಿಡುವುದು ಲೇಸು. ಬಿಡುವಾಗ ಒಲ್ಲೆನೆಂದವರು ಯಾರೆಂದು ಉಳಿದವರಿಗೆ ತಿಳಿಯಬಾರದು. 'ನಮ್ಮ ಮಾದರಿಗೆ ಹೊಂದಲಿಲ್ಲ' ಎಂಬಷ್ಟೇ ಕಾರಣ ಸಾಕು.

ಇನ್ನೊಂದು ವಿಷಯ, ಹೆಚ್ಚಿನವರು ಮರೆಯುವಂಥದ್ದು: ಬಿಟ್ಟುಹೋದ ಪಾಲುದಾರರು. ಈಗ ನಡೆಯುತ್ತಿರುವ ಕ್ಲಿನಿಕ್‌ಗಳನ್ನಷ್ಟೇ ನೋಡಿದರೆ ಉಳಿದುಕೊಂಡವುಗಳ ಲಕ್ಷಣವೇ ಸಾರ್ವತ್ರಿಕ ಲಕ್ಷಣವೆಂಬ ಭ್ರಮೆ ಹುಟ್ಟುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಹೊರನಡೆದವರಲ್ಲಿ ಒಬ್ಬಿಬ್ಬರನ್ನಾದರೂ ಹುಡುಕಿ ಮಾತನಾಡಿಸಿ.

ಪ್ರಶ್ನೆ: ಯಾರನ್ನು ಕೇಳಿದರೂ 'ನಾವೆಲ್ಲ ಒಂದೇ ಮನೆಯವರಂತೆ ಇದ್ದೇವೆ' ಎನ್ನುತ್ತಾರೆ. ಇದರಾಚೆಗೆ ಮಾತು ಹೋಗುವುದೇ ಇಲ್ಲ. ಏನು ಮಾಡಲಿ? — ಸಮಾಜಶಾಸ್ತ್ರದ ಅಧ್ಯಾಪಕರು

ಉತ್ತರ: 'ನಿಮ್ಮ ಸಂಬಂಧ ಹೇಗಿದೆ' ಎಂದು ಕೇಳಿದರೆ ಬರುವ ಉತ್ತರ ಅದೇ. ಅವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ವೈದ್ಯರಿಗೆ ಜೊತೆಗಾರರ ಬಗ್ಗೆ ಹೊರಗಿನವರೆದುರು ಹಗುರವಾಗಿ ಮಾತನಾಡದಿರುವುದು ವೃತ್ತಿಯೇ ಕಲಿಸಿದ ಶಿಸ್ತು. ಆದ್ದರಿಂದ ಅಭಿಪ್ರಾಯ ಕೇಳುವುದನ್ನು ಬಿಟ್ಟು ನಡೆದ ಸಂಗತಿಯನ್ನು ಕೇಳಿ. ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ 'ನಿರ್ಣಾಯಕ ಘಟನೆ' ವಿಧಾನ ಇಲ್ಲಿ ಚೆನ್ನಾಗಿ ಒದಗುತ್ತದೆ. ಒಂದು ನಿರ್ದಿಷ್ಟ ಘಟನೆಯನ್ನು ಹಿಡಿದು, ಏನಾಯಿತು, ಯಾರು ಏನು ಮಾಡಿದರು, ಅದರಿಂದೇನಾಯಿತು ಎಂದಷ್ಟೇ ಕೇಳುತ್ತಾ ಹೋಗುವುದು.

ಪ್ರಶ್ನೆಗಳು ಹೀಗಿರಲಿ: ನೀವು ಕೊನೆಯ ಸಲ ಒಂದು ವಾರ ರಜೆ ಹಾಕಿದಾಗ ನಿಮ್ಮ ರೋಗಿಗಳನ್ನು ಯಾರು ನೋಡಿದರು? ಆ ರಜೆಯನ್ನು ಯಾರ ಬಳಿ ಕೇಳಿದಿರಿ, ಎಷ್ಟು ದಿನ ಮುಂಚೆ? ಕ್ಲಿನಿಕ್ ಕೊನೆಗೆ ಕೊಂಡ ದೊಡ್ಡ ಉಪಕರಣ ಯಾವುದು, ಬೇಡವೆಂದವರು ಯಾರಾದರೂ ಇದ್ದರೇ? ಕೊನೆಗೆ ಬಂದ ದೂರಿಗೆ ಉತ್ತರ ಬರೆದವರು ಯಾರು, ಕಳುಹಿಸುವ ಮುನ್ನ ಬೇರೆಯವರು ಓದಿದರೇ? ಅದೇ ಘಟನೆಯನ್ನು ಉಳಿದ ಪಾಲುದಾರರಲ್ಲೂ ಕೇಳಬೇಕು. ಒಬ್ಬರು 'ಚರ್ಚಿಸಿ ತೀರ್ಮಾನಿಸಿದೆವು' ಎಂದದ್ದನ್ನು ಇನ್ನೊಬ್ಬರು 'ನನಗೆ ಬಿಲ್ಲು ಬಂದ ಮೇಲೆ ಗೊತ್ತಾಯಿತು' ಎನ್ನಬಹುದು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಆ ವ್ಯತ್ಯಾಸವೇ ನಿಮಗೆ ಬೇಕಾದ ಮಾಹಿತಿ.

ಮಾತಿಗಿಂತ ಹೆಚ್ಚು ತಿಳಿಸುವ ದಾರಿಯೊಂದಿದೆ: ಒಂದು ಲ್ಯಾಬ್ ರಿಪೋರ್ಟಿನ ಬೆನ್ನು ಹತ್ತುವುದು. ಶುಕ್ರವಾರ ಬೆಳಗ್ಗೆ ಒಬ್ಬ ವೈದ್ಯರು ರಕ್ತಪರೀಕ್ಷೆಗೆ ಬರೆದು ಮಧ್ಯಾಹ್ನ ರಜೆಯ ಮೇಲೆ ಹೋದರೆಂದುಕೊಳ್ಳಿ. ಸಂಜೆ ಫಲಿತಾಂಶ ಬರುತ್ತದೆ, ಪೊಟ್ಯಾಸಿಯಂ ಲೀಟರಿಗೆ 6.5 ಮಿಲಿಮೋಲ್. ಹೃದಯದ ಬಡಿತಕ್ಕೇ ಅಪಾಯ ತರಬಹುದಾದ ಮಟ್ಟವದು. ಆದರೆ ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣಗಳು ಒಡೆದರೂ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ರೋಗಿಯನ್ನು ಆ ರಾತ್ರಿಯೇ ಆಸ್ಪತ್ರೆಗೆ ಕಳುಹಿಸಬೇಕೋ, ತುರ್ತಾಗಿ ಮತ್ತೊಮ್ಮೆ ಪರೀಕ್ಷಿಸಬೇಕೋ ಎಂಬುದನ್ನು ಆ ರೋಗಿಯನ್ನು ಎಂದೂ ನೋಡದ ಇನ್ನೊಬ್ಬ ಪಾಲುದಾರರು ನಿರ್ಧರಿಸಬೇಕು. ಆ ರಿಪೋರ್ಟು ಯಾರ ಪರದೆಗೆ ಬಂತು? ರಿಸೆಪ್ಷನಿಸ್ಟ್ ಯಾರ ಬಾಗಿಲು ತಟ್ಟಿದರು, ಯಾರನ್ನು ಬಿಟ್ಟು ಮುಂದೆ ಹೋದರು? ನೋಡಿದವರು ರಜೆಯಲ್ಲಿದ್ದವರಿಗೆ ಫೋನ್ ಮಾಡಿದರೇ? ಸೋಮವಾರ ಮರಳಿದವರು ಅದನ್ನು ನೆರವೆಂದು ಕಂಡರೋ, ತಮ್ಮ ರೋಗಿಯ ವಿಷಯದಲ್ಲಿ ಕೈಹಾಕಿದರೆಂದೋ? ಇಂಥ ಹತ್ತು ರಿಪೋರ್ಟುಗಳ ಜಾಡು ಹಿಡಿದರೆ ಆ ಕ್ಲಿನಿಕ್‌ನಲ್ಲಿ ನಂಬಿಕೆ ಯಾವ ದಾರಿಯಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಾಣುತ್ತದೆ. ರೋಗಿಯ ಹೆಸರು, ವಿವರ ನಿಮಗೆ ಬೇಕಿಲ್ಲ. ಬಂದ ಹೊತ್ತು, ತೆರೆದವರು, ತೆರೆದ ಹೊತ್ತು, ಕೈಗೊಂಡ ಕ್ರಮ ಈ ನಾಲ್ಕನ್ನು ಕ್ಲಿನಿಕ್‌ನ ಸಿಬ್ಬಂದಿಯಿಂದಲೇ ತೆಗೆಸಿಕೊಳ್ಳಿ.

ರಿಸೆಪ್ಷನ್ ಮೇಜಿನ ಪಕ್ಕದಲ್ಲಿ ಎರಡು ಬೆಳಗು ಕುಳಿತುಕೊಳ್ಳುವುದನ್ನೂ ತಪ್ಪಿಸಬೇಡಿ. ಪಟ್ಟಿ ತುಂಬಿದ ಮೇಲೆ ಬಂದ ರೋಗಿಯನ್ನು ಯಾವ ವೈದ್ಯರ ಬಳಿ ಸೇರಿಸಬಹುದು, ಯಾರನ್ನು ಕೇಳಲೇಬಾರದು ಎಂಬುದು ಅಲ್ಲಿ ಕುಳಿತವರಿಗೆ ಬಾಯಿಪಾಠ.

ಪ್ರಶ್ನೆ: ಇಬ್ಬರೇ ಪಾಲುದಾರರಿರುವ ಕ್ಲಿನಿಕ್ ನನ್ನ ಅಧ್ಯಯನದಲ್ಲಿದೆ. ಹೆಸರು, ಊರು ಬದಲಿಸಿದರೆ ಗೋಪ್ಯತೆ ಕಾಪಾಡಿದಂತಾಗುವುದೇ? — ಸಂಶೋಧಕರು

ಉತ್ತರ: ಹೊರಗಿನವರ ಮಟ್ಟಿಗೆ ಆಯಿತು. ಒಳಗಿನವರ ಮಟ್ಟಿಗೆ ಏನೂ ಆಗಲಿಲ್ಲ. ವರದಿಯಲ್ಲಿ 'ಪಾಲುದಾರರೊಬ್ಬರು ಹೀಗೆಂದರು' ಎಂದು ಬರೆದರೆ, ತಾನು ಹೇಳಲಿಲ್ಲವೆಂದು ಗೊತ್ತಿರುವವರಿಗೆ ಹೇಳಿದವರು ಯಾರೆಂದು ಕ್ಷಣದಲ್ಲಿ ತಿಳಿಯುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಟಿನ್ ಟೋಲಿಚ್ 2004ರಲ್ಲಿ ಇದನ್ನು 'ಒಳಗಿನ ಗೋಪ್ಯತೆ' ಎಂದು ಹೆಸರಿಸಿ, ಹತ್ತಿರದ ಸಂಬಂಧವಿರುವವರನ್ನು ಸಂದರ್ಶಿಸುವಾಗ ಮಾಮೂಲಿ ಭರವಸೆಗಳು ಸಾಲವೆಂದು ತೋರಿಸಿದರು. ಈ ಬಗೆಯ ಅಧ್ಯಯನದಲ್ಲಿ ನಿಜವಾದ ಹಾನಿ ಆಗುವುದು ಇಲ್ಲಿಯೇ. ಬೂದಿ ಮುಚ್ಚಿದ ಕೆಂಡದಂತಿದ್ದ ಅಸಮಾಧಾನವನ್ನು ನಿಮ್ಮ ಪ್ರಬಂಧ ಊದಿ ಉರಿಸಿಬಿಡಬಹುದು. ಅದರಲ್ಲಿ ಬೇಯುವವರು ವೈದ್ಯರು ಮಾತ್ರವಲ್ಲ, ಅವರನ್ನು ನೆಚ್ಚಿದ ರೋಗಿಗಳೂ ಹೌದು.

ಕೆಲಸಕ್ಕೆ ಬರುವ ಕ್ರಮಗಳಿವು. ಒಬ್ಬರ ಸಂದರ್ಶನದಲ್ಲಿ ಕೇಳಿದ್ದನ್ನು ಇನ್ನೊಬ್ಬರ ಮುಂದೆ ಪ್ರಶ್ನೆಯಾಗಿಯೂ ಎತ್ತಬೇಡಿ. ಪ್ರಶ್ನಾವಳಿ ಮೊದಲೇ ಸಿದ್ಧವಿದ್ದು, ಇಬ್ಬರಿಗೂ ಒಂದೇ ಕ್ರಮದಲ್ಲಿ ಹೋಗಲಿ. ಆಗ ಹೊಸದಾಗಿ ಸೇರಿದ ಪ್ರಶ್ನೆಯೊಂದು ಮೊದಲನೆಯವರನ್ನು ಬಯಲು ಮಾಡುವ ಅಪಾಯ ಇರುವುದಿಲ್ಲ. ಬಳಸಲಿರುವ ಪ್ರತಿ ಉದ್ಧರಣೆಯನ್ನು ಹೇಳಿದವರಿಗೊಬ್ಬರಿಗೇ ತೋರಿಸಿ, 'ನಿಮ್ಮ ಪಾಲುದಾರರು ಇದನ್ನು ಓದಿ ಗುರುತು ಹಿಡಿಯುತ್ತಾರೆ, ಆದರೂ ಇರಲೇ?' ಎಂದು ನೇರವಾಗಿ ಕೇಳಿ. ಬೇಡವೆಂದರೆ ತೆಗೆಯಿರಿ, ಎಷ್ಟೇ ಒಳ್ಳೆಯ ಸಾಲಾಗಿರಲಿ. ಒಂದು ಕ್ಲಿನಿಕ್‌ನ ಪೂರ್ಣ ಚಿತ್ರ ಕೊಡುವ ಬದಲು, ಹಲವು ಕ್ಲಿನಿಕ್‌ಗಳ ಮಾತುಗಳನ್ನು ವಿಷಯವಾರು ಬೆರೆಸಿ ಬರೆಯಿರಿ. ಇಬ್ಬರ ಕ್ಲಿನಿಕ್ ನಿಮ್ಮಲ್ಲಿ ಒಂದೇ ಇದ್ದರೆ 'ಸಣ್ಣ ಕ್ಲಿನಿಕ್' ಎಂದರೂ ಸಾಕು, ಗುರುತು ಸಿಗುತ್ತದೆ. ಆ ಗಾತ್ರದ್ದು ಕನಿಷ್ಠ ಎರಡಾದರೂ ಇರಲಿ.

ಒಪ್ಪಿಗೆ ಪತ್ರದಲ್ಲಿ ಎರಡು ಮಿತಿಗಳನ್ನು ಮೊದಲೇ ಬರೆದಿರಬೇಕು. ರೋಗಿಗಳ ಪ್ರಾಣಕ್ಕೆ ಅಪಾಯವಾಗುವಂಥದ್ದು ಕಣ್ಣಿಗೆ ಬಿದ್ದರೆ ನೀವು ಸುಮ್ಮನಿರಲಾರಿರಿ, ಯಾರಿಗೆ ತಿಳಿಸುತ್ತೀರಿ ಎಂಬುದು ಒಂದು. ಪಾಲುದಾರಿಕೆ ಒಡೆದು ನ್ಯಾಯಾಲಯಕ್ಕೆ ಹೋದರೆ ನಿಮ್ಮ ಧ್ವನಿಮುದ್ರಿಕೆಗಳನ್ನೂ ಕೇಳಬಹುದು ಎಂಬುದು ಇನ್ನೊಂದು. ಆದ್ದರಿಂದಲೇ ಹೆಸರು ಮತ್ತು ಸಂಕೇತ ಸಂಖ್ಯೆಗಳ ಪಟ್ಟಿ ಪ್ರತ್ಯೇಕವಾಗಿರಬೇಕು, ಬರಹಕ್ಕಿಳಿಸಿದ ಮೇಲೆ ಮುದ್ರಿಕೆ ಅಳಿಸುವ ದಿನ ಅನುಮತಿ ಪಡೆಯುವಾಗಲೇ ನಿಗದಿಯಾಗಿರಬೇಕು.

ಪ್ರಶ್ನೆ: ಪಾಲುದಾರರು ಗಂಡ ಹೆಂಡತಿಯಾಗಿದ್ದರೆ ಅವರನ್ನು ಅಧ್ಯಯನದಿಂದ ಹೊರಗಿಡಬೇಕೇ? — ಎಂ.ಡಿ. ವಿದ್ಯಾರ್ಥಿ

ಉತ್ತರ: ಬೇಡ, ಆದರೆ ಬೇರೆ ಗುಂಪಾಗಿ ವಿಶ್ಲೇಷಿಸಿ. ಅವರ ಸಭೆ ಊಟದ ಮೇಜಿನಲ್ಲಿ ನಡೆಯುವುದರಿಂದ ನಡಾವಳಿ ಪುಸ್ತಕ ಖಾಲಿ ಇದ್ದ ಮಾತ್ರಕ್ಕೆ ಮಾತುಕತೆ ಇಲ್ಲವೆಂದಾಗದು. ಇಬ್ಬರ ಸಂದರ್ಶನವನ್ನೂ ಒಂದೇ ದಿನ, ಬೆನ್ನಿಗೆ ಬೆನ್ನು ಮಾಡಿಬಿಡಿ. ರಾತ್ರಿ ಕಳೆದರೆ ಎರಡನೆಯವರಿಗೆ ಪ್ರಶ್ನೆಗಳೆಲ್ಲ ಗೊತ್ತಾಗಿರುತ್ತವೆ. ದಂಪತಿಯ ಜೊತೆ ಮೂರನೆಯ ಪಾಲುದಾರರೊಬ್ಬರಿದ್ದರೆ, ಮೊದಲು ಅವರನ್ನೇ ಮಾತನಾಡಿಸಿ.

ಪ್ರಶ್ನೆ: ಪಾಲುದಾರಿಕೆಯ ಗುಣಮಟ್ಟ ಅಳೆಯಲು ಸಿದ್ಧ ಪ್ರಶ್ನಾವಳಿಗಳಿವೆಯೇ? ಅಂಕಿಅಂಶ ವಿಶ್ಲೇಷಣೆಯಲ್ಲಿ ಎಚ್ಚರ ವಹಿಸಬೇಕಾದ್ದೇನು? — ಸಂಖ್ಯಾಶಾಸ್ತ್ರದ ವಿದ್ಯಾರ್ಥಿ

ಉತ್ತರ: ಮೂರು ಮುಖ್ಯವಾದವು. ಜೋಡಿ ಹೋಫರ್ ಗಿಟ್ಟೆಲ್ ರೂಪಿಸಿದ 'ರಿಲೇಷನಲ್ ಕೋಆರ್ಡಿನೇಷನ್' ಅಳತೆಯಲ್ಲಿ 7 ಅಂಶಗಳಿವೆ: ಮಾತುಕತೆ ಎಷ್ಟು ಬಾರಿ, ಸಕಾಲದಲ್ಲೋ, ನಿಖರವೋ, ತಪ್ಪು ಹೊರಿಸುವುದಕ್ಕೋ ಪರಿಹಾರಕ್ಕೋ ಎಂಬ ನಾಲ್ಕು, ಗುರಿಯ ಹಂಚಿಕೆ, ಪರಸ್ಪರರ ಕೆಲಸದ ತಿಳಿವಳಿಕೆ, ಗೌರವ ಎಂಬ ಮೂರು. ನೀಲ್ ಆ್ಯಂಡರ್ಸನ್ ಮತ್ತು ಮೈಕೆಲ್ ವೆಸ್ಟ್ ಅವರ ತಂಡದ ವಾತಾವರಣ ಅಳೆಯುವ 'ಟೀಮ್ ಕ್ಲೈಮೇಟ್ ಇನ್ವೆಂಟರಿ' 38 ಪ್ರಶ್ನೆಗಳದ್ದು, 14 ಪ್ರಶ್ನೆಗಳ ಕಿರುರೂಪವೂ ಇದೆ. ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವ ವೈದ್ಯರಿಗೆ ಕಿರಿದೇ ಸೂಕ್ತ. ಏಮಿ ಎಡ್ಮಂಡ್‌ಸನ್ 1999ರಲ್ಲಿ ಪ್ರಕಟಿಸಿದ ಮಾನಸಿಕ ಸುರಕ್ಷತೆಯ ಅಳತೆಯಲ್ಲಿ 7 ಹೇಳಿಕೆಗಳು. ತಪ್ಪಾದಾಗ ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟಿದೆ ಎಂಬುದನ್ನು ಅದು ಹಿಡಿಯುತ್ತದೆ. ಆಕೆ ಅದಕ್ಕೂ ಮುಂಚೆ ಆಸ್ಪತ್ರೆ ತಂಡಗಳಲ್ಲಿ ಕಂಡುಕೊಂಡ ಸಂಗತಿ ಇಲ್ಲಿ ನೆನಪಿರಬೇಕು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು, ಏಕೆಂದರೆ ಅಲ್ಲಿ ಮುಚ್ಚಿಡುತ್ತಿರಲಿಲ್ಲ. ತಪ್ಪುಗಳ ಪುಸ್ತಕ ದಪ್ಪವಿರುವ ಕ್ಲಿನಿಕ್ಕನ್ನು ಕೆಟ್ಟದ್ದೆಂದು ಗುರುತಿಸಿಬಿಡಬೇಡಿ.

ವಿಶ್ಲೇಷಣೆಯಲ್ಲಿ ಮೊದಲ ಬಲೆ ಸರಾಸರಿ. ಐದಕ್ಕೆ 5, 5, 2 ಎಂದು ಮೂವರು ಕೊಟ್ಟರೆ ಸರಾಸರಿ 4. ಮೂವರೂ 4 ಕೊಟ್ಟರೂ ಅದೇ 4. ಮೊದಲನೆಯ ಕ್ಲಿನಿಕ್‌ನಲ್ಲಿ ಒಬ್ಬರು ಮೂಲೆಗುಂಪಾಗಿದ್ದಾರೆ. ಸರಾಸರಿಯ ಪಕ್ಕದಲ್ಲಿ ಅತಿ ಕಡಿಮೆ ಅಂಕವನ್ನೂ ಹರಹನ್ನೂ ಕೊಡಲೇಬೇಕು.

ಎರಡನೆಯದು ಉತ್ತರಿಸದವರು. ಮೂವರಲ್ಲಿ ಒಬ್ಬರು ಉತ್ತರಿಸದಿದ್ದರೆ 67 ಶೇಕಡ ಪ್ರತಿಕ್ರಿಯೆ ಬಂತೆಂದು ಸಮಾಧಾನ ಪಡಬೇಡಿ. ಎರಡೂ ಕಡೆಯಿಂದ ಮಾಹಿತಿ ಇರುವ ಜೋಡಿ ಮೂರರಲ್ಲಿ ಒಂದೇ ಉಳಿಯಿತು. ನಾಲ್ವರಲ್ಲಿ ಒಬ್ಬರು ಬಿಟ್ಟರೆ ಆರರಲ್ಲಿ ಮೂರು ಜೋಡಿ ಹೋದವು. ಅದರಲ್ಲೂ ಉತ್ತರಿಸದವರು ಅತೃಪ್ತರೇ ಆಗಿದ್ದರೆ, ಕಳೆದುಹೋದದ್ದು ಮುಖ್ಯವಾದ ಭಾಗ.

ಮೂರನೆಯದಾಗಿ, ಒಂದೇ ಕ್ಲಿನಿಕ್‌ನ ವೈದ್ಯರ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. 10 ಕ್ಲಿನಿಕ್‌ಗಳ 40 ವೈದ್ಯರನ್ನು 40 ಸ್ವತಂತ್ರ ಉತ್ತರಗಳೆಂದು ಲೆಕ್ಕಕ್ಕೆ ಹಾಕಿದರೆ ಇಲ್ಲದ ನಿಖರತೆ ಇದ್ದಂತೆ ತೋರುತ್ತದೆ. ವೈದ್ಯರು, ಕ್ಲಿನಿಕ್ ಎಂಬ ಎರಡೂ ಹಂತಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಬಹುಸ್ತರ ಮಾದರಿ ಬಳಸಿ; ಕ್ಲಿನಿಕ್‌ಗಳ ಸಂಖ್ಯೆ ಹೆಚ್ಚಿಸುವುದೇ ಬಲ. ಇಬ್ಬರ ಕ್ಲಿನಿಕ್‌ಗಳಿಗೆ 'ಆ್ಯಕ್ಟರ್–ಪಾರ್ಟ್‌ನರ್ ಇಂಟರ್‌ಡಿಪೆಂಡೆನ್ಸ್' ಮಾದರಿ ಹೊಂದುತ್ತದೆ; ಒಬ್ಬರ ಉತ್ತರದಲ್ಲಿ ಅವರದ್ದೆಷ್ಟು, ಜೊತೆಗಾರರ ಪ್ರಭಾವವೆಷ್ಟು ಎಂಬುದನ್ನು ಅದು ಬೇರ್ಪಡಿಸುತ್ತದೆ. ಎಲ್ಲರೂ ಎಲ್ಲರ ಬಗ್ಗೆ ಅಂಕ ಕೊಡುವ ವಿನ್ಯಾಸವಾದರೆ ಡೇವಿಡ್ ಕೆನ್ನಿಯವರ ಹೆಸರಿನೊಂದಿಗೆ ತಳುಕುಹಾಕಿಕೊಂಡಿರುವ 'ಸೋಷಿಯಲ್ ರಿಲೇಷನ್ಸ್' ಮಾದರಿ ಇದೆ, ಅಂಕದಲ್ಲಿ ಕೊಟ್ಟವರ, ಪಡೆದವರ, ಆ ಜೋಡಿಯ ಪಾಲನ್ನು ಅದು ಬೇರೆ ಮಾಡಿ ತೋರಿಸುತ್ತದೆ, ಆದರೆ ಅದಕ್ಕೆ ಗುಂಪಿನಲ್ಲಿ ಸಾಮಾನ್ಯವಾಗಿ ನಾಲ್ವರಾದರೂ ಬೇಕು.

ಪ್ರಶ್ನೆ: ವೈದ್ಯರನ್ನು ಕಾಡದೆ, ಅಪಾಯಿಂಟ್‌ಮೆಂಟ್ ದಾಖಲೆಗಳಿಂದಲೇ ಪಾಲುದಾರಿಕೆಯನ್ನು ಓದಲು ಸಾಧ್ಯವೇ? — ಆರೋಗ್ಯ ಮಾಹಿತಿ ವಿಭಾಗದ ಉದ್ಯೋಗಿ

ಉತ್ತರ: ಒಂದು ಮಟ್ಟದವರೆಗೆ. ಪಾಲುದಾರರು ರೋಗಿಗಳನ್ನು 'ನಮ್ಮವರು' ಎನ್ನುತ್ತಾರೋ 'ನನ್ನವರು' ಎನ್ನುತ್ತಾರೋ ಎಂಬುದು ದಾಖಲೆಯಲ್ಲಿ ಮೂಡಿರುತ್ತದೆ. ಸರಳ ಅಳತೆಯೆಂದರೆ, ಒಬ್ಬ ರೋಗಿಯ ಒಟ್ಟು ಭೇಟಿಗಳಲ್ಲಿ ಅತಿ ಹೆಚ್ಚು ಕಂಡ ವೈದ್ಯರ ಪಾಲೆಷ್ಟು ಎಂಬುದು. 10 ಭೇಟಿಗಳಲ್ಲಿ 6, 3, 1 ಎಂದು ಮೂವರ ಬಳಿ ಹೋಗಿದ್ದರೆ ಅದು 0.6. ಆದರೆ 6, 1, 1, 1, 1 ಎಂದು ಐವರ ಬಳಿ ಚದುರಿದ್ದರೂ 0.6 ಬರುತ್ತದೆ. ಈ ಚದುರುವಿಕೆಯನ್ನು ಹಿಡಿಯಲು ಬೈಸ್ ಮತ್ತು ಬಾಕ್ಸರ್‌ಮನ್ 1977ರಲ್ಲಿ ಕೊಟ್ಟ ಸೂಚ್ಯಂಕ ಬಳಸಿ: ಪ್ರತಿ ವೈದ್ಯರ ಬಳಿಯ ಭೇಟಿಗಳ ವರ್ಗಗಳನ್ನು ಕೂಡಿ, ಅದರಿಂದ ಒಟ್ಟು ಭೇಟಿಗಳನ್ನು ಕಳೆದು, ಬಂದದ್ದನ್ನು ಒಟ್ಟು ಭೇಟಿ ಮತ್ತು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯ ಗುಣಲಬ್ಧದಿಂದ ಭಾಗಿಸುವುದು. ಮೊದಲ ರೋಗಿಗೆ 36+9+1 ಅಂದರೆ 46, ಹತ್ತು ಕಳೆದರೆ 36, ಅದನ್ನು 90ರಿಂದ ಭಾಗಿಸಿದರೆ 0.40. ಎರಡನೆಯವರಿಗೆ 40ರಲ್ಲಿ ಹತ್ತು ಕಳೆದು 30, ಭಾಗಿಸಿದರೆ 0.33. ಎರಡೇ ಭೇಟಿ ಇರುವವರಿಗೆ ಇದು ಸೊನ್ನೆ ಇಲ್ಲವೇ ಒಂದು ಮಾತ್ರ ಆಗುವುದರಿಂದ ಕನಿಷ್ಠ ಮೂರು ಭೇಟಿ ಇರುವವರನ್ನಷ್ಟೇ ತೆಗೆದುಕೊಳ್ಳಿ.

ನಮ್ಮ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಹೇಳುವುದು ದಾಟುವಿಕೆಯ ಕೋಷ್ಟಕ. ಅಡ್ಡಸಾಲಿನಲ್ಲಿ ಹಿಂದಿನ ಭೇಟಿಯ ವೈದ್ಯರು, ಕಂಬಸಾಲಿನಲ್ಲಿ ಮುಂದಿನ ಭೇಟಿಯ ವೈದ್ಯರು. ಒಬ್ಬರಿಂದ ಇನ್ನೊಬ್ಬರಿಗೆ ಹರಿವು ಹೆಚ್ಚಿದ್ದು ಮರುಹರಿವು ಕಡಿಮೆ ಇದ್ದರೆ ಪ್ರಶ್ನೆ ಏಳುತ್ತದೆ. ಉತ್ತರಕ್ಕೆ ಮಾತ್ರ ಕ್ಲಿನಿಕ್ಕಿಗೇ ಹೋಗಬೇಕು. ವಾರಕ್ಕೆ ಎರಡೇ ದಿನ ಬರುವ ವೈದ್ಯರ ರೋಗಿಗಳು ಬೇರೆಯವರ ಬಳಿ ಹೋಗುವುದು ಸಹಜ. ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೆಲಸ ಮಾಡುವುದು, ಫೋನ್ ಸಲಹೆಗಳು ದಾಖಲಾಗದಿರುವುದು, ನರ್ಸ್ ಮಾಡಿದ ಡ್ರೆಸಿಂಗ್ ವೈದ್ಯರ ಹೆಸರಿಗೆ ಬೀಳುವುದು ಇವು ಮೂರೂ ಎಲ್ಲೆಡೆ ಕಾಣುವ ದೋಷಗಳು. ಲೆಕ್ಕ ಶುರು ಮಾಡುವ ಮುನ್ನ ಒಂದು ವಾರದ ದಾಖಲೆಯನ್ನು ರಿಸೆಪ್ಷನಿಸ್ಟ್ ಜೊತೆ ಕುಳಿತು ಸಾಲುಸಾಲಾಗಿ ತಾಳೆ ನೋಡಿ.

ಪ್ರಶ್ನೆ: ಈ ವಿಷಯದ ಓದಿಗೆ ಕೂತರೆ ಬ್ರಿಟನ್ನಿನ ಅಧ್ಯಯನಗಳೇ ಎದುರಾಗುತ್ತವೆ. ಅಲ್ಲಿನ ನಿರ್ಣಯಗಳನ್ನು ಬೇರೆಡೆಗೆ ಅನ್ವಯಿಸಬಹುದೇ? — ಆರೋಗ್ಯ ನೀತಿಯ ಓದುಗರು

ಉತ್ತರ: ಬ್ರಿಟನ್ನಿನಲ್ಲಿ ಪಾಲುದಾರಿಕೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಬೆನ್ನೆಲುಬಾಗಿ ಬೆಳೆಯಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಕುಟುಂಬ ವೈದ್ಯರು ಸರ್ಕಾರಿ ನೌಕರರಾಗದೆ ಸ್ವತಂತ್ರ ಗುತ್ತಿಗೆದಾರರಾಗಿ ಉಳಿದರು. ಅದುವರೆಗೆ ನಡೆಯುತ್ತಿದ್ದ, ಕ್ಲಿನಿಕ್‌ನ ಗುಡ್‌ವಿಲ್ (ಗಳಿಸಿದ ಹೆಸರು, ರೋಗಿಗಳ ಬಳಗ) ಕೊಳ್ಳುವ ಮಾರುವ ಪದ್ಧತಿ ಆ ಸೇವೆಯೊಳಗೆ ನಿಂತಿತು. 1966ರ ಚಾರ್ಟರ್ (ಕುಟುಂಬ ವೈದ್ಯರ ಜೊತೆಗಿನ ಹೊಸ ಒಪ್ಪಂದ) ಗುಂಪಾಗಿ ಕೆಲಸ ಮಾಡುವವರಿಗೆ ಭತ್ಯೆ, ಸಿಬ್ಬಂದಿ ಸಂಬಳದ 70 ಶೇಕಡ ಮರುಪಾವತಿ, ಕಟ್ಟಡಕ್ಕೆ ನೆರವು ಕೊಟ್ಟು ಒಂಟಿ ವೈದ್ಯರನ್ನು ಒಟ್ಟುಗೂಡುವಂತೆ ಮಾಡಿತು. 2004ರಲ್ಲಿ ಒಪ್ಪಂದವೇ ಒಬ್ಬೊಬ್ಬ ವೈದ್ಯರೊಂದಿಗಿದ್ದದ್ದು ಕ್ಲಿನಿಕ್ ಜೊತೆಗೆ ಎಂದಾಯಿತು, ಗುಣಮಟ್ಟಕ್ಕೆ ಕೊಡುವ ಹಣವೂ ಕ್ಲಿನಿಕ್ಕಿಗೇ ಬಂತು. 2019ರಲ್ಲಿ ಡಾ. ನೈಜೆಲ್ ವಾಟ್ಸನ್ ನೇತೃತ್ವದ ಪರಿಶೀಲನೆ, ಯುವ ವೈದ್ಯರು ಪಾಲುದಾರರಾಗಲು ಹಿಂಜರಿಯುವುದಕ್ಕೆ ವೈಯಕ್ತಿಕ ಹೊಣೆಯ ಭಾರವೂ ಕಾರಣವೆಂದು ಎತ್ತಿ ತೋರಿಸಿತು. ಒಬ್ಬೊಬ್ಬರಾಗಿ ಬಿಟ್ಟುಹೋದರೆ ಕಟ್ಟಡದ ಗೇಣಿ, ಸಿಬ್ಬಂದಿಯ ಬಾಕಿ ಎಲ್ಲ ಕೊನೆಗೆ ಉಳಿದವರ ಕೊರಳಿಗೆ ಬೀಳುತ್ತದಲ್ಲ, ಆ ಭಯ.

ಅನ್ವಯಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹಣ ಹೇಗೆ ಬರುತ್ತದೆ? ಬ್ರಿಟನ್ನಿನಲ್ಲಿ ಬಹುಪಾಲು ಹಣ ನೋಂದಾಯಿತ ರೋಗಿಗಳ ತಲೆ ಎಣಿಕೆಯ ಆಧಾರದ ಮೇಲೆ ಬರುತ್ತದೆ. ಅಲ್ಲಿ ರೋಗಿಯನ್ನು ಜೊತೆಗಾರರಿಗೆ ಒಪ್ಪಿಸಿದರೆ ಒಪ್ಪಿಸಿದ್ದು ಕೆಲಸವನ್ನು. ಪ್ರತಿ ಭೇಟಿಗೆ ಶುಲ್ಕ ಇದ್ದು, ಅದು ನೋಡಿದ ವೈದ್ಯರ ಲೆಕ್ಕಕ್ಕೇ ಹೋಗುವಲ್ಲಿ ಒಪ್ಪಿಸಿದ್ದು ಆದಾಯವನ್ನು. ಒಂದೇ ಕೃತ್ಯಕ್ಕೆ ಎರಡು ಕಡೆ ವಿರುದ್ಧ ಅರ್ಥ. ಅಲ್ಲಿ 'ನನ್ನ ಮೇಲೆ ಹೊರಿಸುತ್ತಾರೆ' ಎಂಬ ದೂರು ಕೇಳಿಬಂದರೆ, ಇಲ್ಲಿ 'ನನ್ನ ರೋಗಿಗಳನ್ನು ಸೆಳೆಯುತ್ತಾರೆ' ಎಂಬ ದೂರು. ಶುಲ್ಕ ಒಂದೇ ಗಲ್ಲಾಪೆಟ್ಟಿಗೆಗೆ ಬಿದ್ದು ಸಮನಾಗಿ ಹಂಚಿಕೆಯಾಗುವ ಕ್ಲಿನಿಕ್ ಮತ್ತೆ ಬೇರೆಯದೇ: ಹೆಚ್ಚು ರೋಗಿಗಳನ್ನು ನೋಡುವವರಿಗೆ ಬೇಸರ, ನಿಧಾನವಾಗಿ ನೋಡುವವರಿಗೆ ಮುಜುಗರ. ಆದ್ದರಿಂದ ಹಂಚಿಕೆಯ ಸೂತ್ರವನ್ನು ಬರೆದುಕೊಳ್ಳದೆ ಸಹಕಾರದ ಬಗ್ಗೆ ಏನನ್ನೂ ಬರೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಪಾಲುದಾರಿಕೆ ಕರಾರುಪತ್ರವನ್ನು ಓದಲು ಕೊಟ್ಟಿದ್ದಾರೆ. ಅದರಲ್ಲಿ ಏನು ನೋಡಲಿ? — ಸಂಶೋಧನಾ ಸಹಾಯಕಿ

ಉತ್ತರ: ಮೊದಲು ಕೊನೆಯ ಪುಟ ನೋಡಿ. ಸಹಿ ಹಾಕಿದವರೂ ಇಂದು ಬೋರ್ಡಿನಲ್ಲಿರುವವರೂ ಒಂದೇ ಆಗಿದ್ದಾರೆಯೇ? ಹೊಸಬರು ಸೇರಿದಾಗ ಪತ್ರ ನವೀಕರಿಸದೆ ಬಿಡುವುದು ತೀರಾ ಸಾಮಾನ್ಯ. ಇದರ ಪರಿಣಾಮ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ಇಂಥ ಸಂದರ್ಭದಲ್ಲಿ ಹಳೆಯ ಪತ್ರ ಹೊಸ ಗುಂಪಿಗೆ ಅನ್ವಯಿಸದೆ, ಇಂದಿಗೂ ಜಾರಿಯಲ್ಲಿರುವ 1890ರ ಪಾಲುದಾರಿಕೆ ಕಾಯ್ದೆಯ ಸಾಮಾನ್ಯ ನಿಯಮಗಳೇ ಲಾಗುವಾಗಬಹುದು. ಆ ನಿಯಮಗಳ ಪ್ರಕಾರ ಲಾಭ ಎಲ್ಲರಿಗೂ ಸಮಪಾಲು, ಎಲ್ಲರ ಒಪ್ಪಿಗೆಯಿಲ್ಲದೆ ಹೊಸ ಪಾಲುದಾರರಿಲ್ಲ, ಪತ್ರದಲ್ಲಿ ಅಧಿಕಾರ ಕೊಟ್ಟಿರದಿದ್ದರೆ ಬಹುಮತದಿಂದಲೂ ಯಾರನ್ನೂ ಹೊರಹಾಕುವಂತಿಲ್ಲ. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಮಾತ್ರ ಯಾರಾದರೊಬ್ಬರು ನೋಟಿಸ್ ಕೊಟ್ಟು ಮುಗಿಸಬಹುದು. ನಿಮ್ಮ ಕ್ಷೇತ್ರದ ಕಾನೂನು ಏನೆನ್ನುತ್ತದೆ ಎಂಬುದನ್ನು ವಕೀಲರಿಂದ ಮೊದಲೇ ತಿಳಿದುಕೊಳ್ಳಿ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಂಬಸಾಲು ಹಾಕಿ: ಪತ್ರದಲ್ಲಿ ಬರೆದದ್ದು, ಸಂದರ್ಶನದಲ್ಲಿ ಹೇಳಿದ್ದು, ನೀವು ಕಂಡದ್ದು. ಸಾಲುಗಳಲ್ಲಿ ಲಾಭದ ಪಾಲು, ಕೆಲಸದ ಅವಧಿಗಳು, ರಜೆ, ದೀರ್ಘ ಕಾಯಿಲೆ, ಹೆರಿಗೆ ರಜೆ, ಹೊಸ ಪಾಲುದಾರರು ಪೂರ್ಣ ಪಾಲಿಗೆ ಬರುವ ಅವಧಿ, ಕಟ್ಟಡದ ಒಡೆತನ, ನಿವೃತ್ತಿಯ ನೋಟಿಸ್, ಹೊರಹಾಕುವ ಷರತ್ತು, ಬಿಟ್ಟವರು ಹತ್ತಿರದಲ್ಲೇ ಕ್ಲಿನಿಕ್ ತೆರೆಯುವುದರ ಮೇಲಿನ ನಿರ್ಬಂಧ. ಮೂರೂ ಒಂದೇ ಆಗಿರುವ ಸಾಲು ಕಡಿಮೆ. ಪತ್ರಕ್ಕಿಂತ ಉದಾರವಾಗಿ ನಡೆದುಕೊಳ್ಳುವ ಕ್ಲಿನಿಕ್‌ಗಳೂ ಇವೆ, ಉದಾಹರಣೆಗೆ ಕಾಯಿಲೆ ಬಿದ್ದವರ ಪಾಲನ್ನು ನಿಗದಿತ ವಾರಗಳಾಚೆಗೂ ಕಡಿತ ಮಾಡದಿರುವುದು. ಅದನ್ನೂ ಅಷ್ಟೇ ಜತನದಿಂದ ದಾಖಲಿಸಿ, ಯಾರು ಮೊದಲು ಹಾಗೆಂದರು ಎಂಬುದರ ಸಹಿತ.

ಸಂಬಂಧ ಹದಗೆಡುವುದು ಹೆಚ್ಚಾಗಿ ಹಣದ ಮೊತ್ತಕ್ಕಿಂತ ಕೆಲಸದ ಎಣಿಕೆಯಿಂದ. ರೋಗಿಗಳನ್ನು ನೋಡಿದ ಅವಧಿಗಳು ಲೆಕ್ಕಕ್ಕೆ ಸಿಗುತ್ತವೆ. ಸಂಬಳದ ಪಟ್ಟಿ ಮಾಡುವುದು, ದೂರಿಗೆ ಉತ್ತರಿಸುವುದು, ತರಬೇತಿ ವೈದ್ಯರನ್ನು ತಿದ್ದುವುದು ಸಿಗುವುದಿಲ್ಲ. ಪ್ರತಿ ಪಾಲುದಾರರಿಗೂ ಎರಡು ವಾರ ದಿನಚರಿ ಬರೆಯಲು ಕೊಡಿ, ಅರ್ಧ ಗಂಟೆಗೊಂದು ಗೆರೆ ಸಾಕು. ಜೊತೆಗೆ 'ನಿಮ್ಮ ಜೊತೆಗಾರರು ಇಂಥ ಕೆಲಸಕ್ಕೆ ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆಂದು ನಿಮ್ಮ ಅಂದಾಜು?' ಎಂದು ಬರೆಸಿ. ದಿನಚರಿಗೂ ಅಂದಾಜಿಗೂ ನಡುವಿನ ಅಂತರ ಎಲ್ಲಿ ದೊಡ್ಡದೋ ಅಲ್ಲಿಂದ ಸಂದರ್ಶನ ಆರಂಭಿಸಿ.

ಪ್ರಶ್ನೆ: ನಮ್ಮ ಕ್ಲಿನಿಕ್ ಇಂಥ ಅಧ್ಯಯನಕ್ಕೆ ಒಪ್ಪಿದೆ. ಸಂಶೋಧಕರು ಫಲಿತಾಂಶವನ್ನು ನಮಗೆ ಹೇಗೆ ತಿಳಿಸಬೇಕೆಂದು ಕೇಳಬೇಕು? — ಪಾಲುದಾರ ವೈದ್ಯರು

ಉತ್ತರ: ಇದನ್ನು ಒಪ್ಪಿಗೆಗೆ ಸಹಿ ಹಾಕುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳಿ. ಹಿರಿಯ ಪಾಲುದಾರರಿಗೆ ಮೊದಲು, ಉಳಿದವರಿಗೆ ಆಮೇಲೆ ಎಂದಾಗಬಾರದು. ಎಲ್ಲರಿಗೂ ಒಂದೇ ದಿನ ತಲುಪಲಿ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೂ ಅವರವರ ಮಾತುಗಳ ಪ್ರತಿ ಮಾತ್ರ ಕೊಟ್ಟು, ತಿದ್ದಲು ಇಲ್ಲವೇ ಹಿಂತೆಗೆಯಲು ಎರಡು ವಾರ ಬಿಡಲಿ. ಎರಡನೆಯ ಸುತ್ತಿನ ಸಭೆಯಲ್ಲಿ ವ್ಯಕ್ತಿಗಳ ವಿಷಯ ಬೇಡ, ಏರ್ಪಾಡುಗಳ ವಿಷಯ ಮಾತ್ರ: ರಿಪೋರ್ಟುಗಳು ಎಲ್ಲಿ ತಡೆಯುತ್ತವೆ, ಸಭೆಯಿಂದ ಸಭೆಗೆ ಮುಂದೂಡಲ್ಪಟ್ಟ ವಿಷಯಗಳು ಯಾವುವು, ಲೆಕ್ಕಕ್ಕೆ ಸಿಗದ ಕೆಲಸ ಎಷ್ಟು. ಆ ಸಭೆಗೆ ಒಂದೂವರೆ ಗಂಟೆ ಬಿಡುವಿರಲಿ, ಅದರ ಹಿಂದೆಯೇ ರೋಗಿಗಳ ಪಟ್ಟಿ ಇಟ್ಟುಕೊಳ್ಳಬೇಡಿ. ಸಭೆಗೆ ಬರಲಾಗದ ಪಾಲುದಾರರೊಬ್ಬರಿದ್ದರೂ ದಿನಾಂಕ ಮುಂದಕ್ಕೆ ಹಾಕಲು ಹೇಳಿ.